ಎರಡು ಸೊನ್ನೆ, ಎರಡು ಬೇರೆ ಕಥೆ

ಪ್ರಶ್ನೆ: ಕೆಲಸದ ಮೇಲೆ ಮೈಸೂರಿನಿಂದ ನ್ಯಾಶ್‌ವಿಲ್‌ಗೆ ಬಂದು ಎರಡು ವರ್ಷ ಆಯಿತು. ಆಫೀಸಿನವರ ಜೊತೆ ಕೂತು ಟೆನೆಸಿ ಟೈಟನ್ಸ್ ಪಂದ್ಯ ನೋಡುವುದು ಅಭ್ಯಾಸವಾಗಿದೆ. ಅಮೆರಿಕನ್ ಫುಟ್‌ಬಾಲ್ ಈಗ ತಕ್ಕಮಟ್ಟಿಗೆ ಅರ್ಥವಾಗುತ್ತದೆ. ತಂಡ ಹೊಸ ಪಾಸ್ ರಷರ್ ಒಬ್ಬರನ್ನು ತಂದಾಗಲೆಲ್ಲ ಇಲ್ಲಿನ ಹಳಬರು 2020ರ ಕಥೆ ತೆಗೆಯುತ್ತಾರೆ. ಬೀಸ್ಲಿ, ಕ್ಲೌನಿ ಅಂತ ಇಬ್ಬರನ್ನು ದುಡ್ಡು ಸುರಿದು ತಂದರಂತೆ, ಇಬ್ಬರೂ ಸೇರಿ ಒಂದೇ ಒಂದು ಸ್ಯಾಕ್ ಕೊಡಲಿಲ್ಲವಂತೆ. ಹೆಸರಿಗೆ ತಕ್ಕ ಆಟ ಆಡದವರನ್ನು ಯಾಕೆ ತರುತ್ತಾರೆ? ದುಡ್ಡು ಸಿಕ್ಕ ಮೇಲೆ ಅವರು ಸೋಮಾರಿಗಳಾದರಾ? ಮುಂದೆ ಇಂಥವರು ಬಂದರೆ ನಾನು ಏನನ್ನು ಗಮನಿಸಬೇಕು?

ಉತ್ತರ: ನಿಮ್ಮ ಆಫೀಸಿನವರು ಹೇಳಿದ ಲೆಕ್ಕ ಸರಿಯಾಗಿಯೇ ಇದೆ. ವಿಕ್ ಬೀಸ್ಲಿ ಆ ವರ್ಷ ಟೈಟನ್ಸ್ ಪರ 5 ಪಂದ್ಯ ಆಡಿದರು. ಸ್ಯಾಕ್ ಸೊನ್ನೆ. ಜಡೇವಿಯನ್ ಕ್ಲೌನಿ 8 ಪಂದ್ಯ ಆಡಿದರು. ಅವರದೂ ಸೊನ್ನೆ. ಆದರೆ ಈ ಎರಡು ಸೊನ್ನೆಗಳನ್ನು ಒಂದೇ ತಕ್ಕಡಿಗೆ ಹಾಕುವುದು ತಪ್ಪು ಅಂತ ನಾನು ನಂಬಿದ್ದೇನೆ. ಬೀಸ್ಲಿ ಒಂದು ವರ್ಷ ಸ್ಯಾಕ್‌ಗಳ ರಾಶಿ ಹಾಕಿ ಆಮೇಲೆ ಇಳಿದು ಹೋದವರು. ಕ್ಲೌನಿ ಅಂಥ ರಾಶಿಯನ್ನು ಯಾವತ್ತೂ ಹಾಕಿದವರೇ ಅಲ್ಲ. ಇಬ್ಬರಿಗೂ ಜನ ಅಂಟಿಸಿದ ಚೀಟಿ ಮಾತ್ರ ಒಂದೇ: 'ಸಾಮರ್ಥ್ಯಕ್ಕೆ ತಕ್ಕಂತೆ ಆಡದವನು'. ಈ ಚೀಟಿ ಏನನ್ನೂ ಹೇಳುವುದಿಲ್ಲ. ಜ್ವರ ಬಂದಿದೆ ಅಂದರೆ ಯಾವ ಕಾಯಿಲೆ ಅಂತ ಗೊತ್ತಾಗುತ್ತದಾ? ಇದೂ ಹಾಗೇ.

ಆಟ ಹೊಸದಾಗಿ ನೋಡುತ್ತಿರುವ ಉಳಿದ ಓದುಗರಿಗೆ ಎರಡು ಮಾತು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎಸೆಯುವ ಮುಂಚೆಯೇ, ಆಟ ಶುರುವಾದ ಗೆರೆಯ ಹಿಂದೆ ಕೆಡವಿದರೆ ಅದು ಸ್ಯಾಕ್. ಇಬ್ಬರು ಸೇರಿ ಕೆಡವಿದರೆ ಅರ್ಧರ್ಧ. ಅದಕ್ಕೇ 15.5, 9.5 ಅನ್ನುವ ಅಂಕಿಗಳು ಬರುತ್ತವೆ. ಅವನ ಮೇಲೆ ನುಗ್ಗುವುದೇ ಮುಖ್ಯ ಕೆಲಸವಾಗಿರುವ ಆಟಗಾರ ಪಾಸ್ ರಷರ್. ಇಲ್ಲಿನ ಲೀಗ್, ಅಂದರೆ ಎನ್‌ಎಫ್‌ಎಲ್, ಸ್ಯಾಕ್ ಅನ್ನು ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದು 1982ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಪಾಸ್ ರಷರ್‌ನ ಬೆಲೆ ಹೆಚ್ಚುಕಡಿಮೆ ಈ ಒಂದು ಅಂಕಿಯ ಮೇಲೇ ನಿಂತಿದೆ. ತೊಂದರೆ ಶುರುವಾಗುವುದೂ ಅಲ್ಲೇ.

ಕ್ರಿಕೆಟ್ ನೋಡಿ ಬೆಳೆದವರು ನಾವು. ಒಂದು ತುದಿಯಿಂದ ಒಬ್ಬ ಬೌಲರ್ ರನ್ನೇ ಕೊಡದೆ ಕಟ್ಟಿಹಾಕುತ್ತಾನೆ. ತಾಳ್ಮೆ ಕಳೆದುಕೊಂಡ ಬ್ಯಾಟ್ಸ್‌ಮನ್ ಇನ್ನೊಂದು ತುದಿಯ ಬೌಲರ್‌ಗೆ ವಿಕೆಟ್ ಕೊಟ್ಟು ಹೋಗುತ್ತಾನೆ. ಸ್ಕೋರ್ ಕಾರ್ಡಿನಲ್ಲಿ ಹೆಸರು ಯಾರದು? ಸ್ಯಾಕ್‌ನ ವಿಷಯವೂ ಅಷ್ಟೇ. ಕ್ವಾರ್ಟರ್‌ಬ್ಯಾಕ್ ಕೈಯಲ್ಲಿ ಚೆಂಡು ಸಾಮಾನ್ಯವಾಗಿ ಎರಡೂವರೆ, ಮೂರು ಸೆಕೆಂಡ್ ಇರುತ್ತದೆ. ಅಷ್ಟರೊಳಗೆ ಯಾರೋ ಒಳಗಿನಿಂದ ದಬ್ಬಬೇಕು, ಹಿಂದಿನವರು ಚೆಂಡು ಹಿಡಿಯುವವರನ್ನು ಮುಚ್ಚಿರಬೇಕು, ಆಗ ತುದಿಯಿಂದ ಬಂದವನಿಗೆ ಸ್ಯಾಕ್ ಸಿಗುತ್ತದೆ.

ಈಗ ಬೀಸ್ಲಿಯವರಿಂದ ಶುರು ಮಾಡೋಣ.

2015ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ, ಅಟ್ಲಾಂಟಾ ಫಾಲ್ಕನ್ಸ್ ತಂಡ ಅವರನ್ನು 8ನೇ ಆಯ್ಕೆಯಾಗಿ ತೆಗೆದುಕೊಂಡಿತು. 40 ಯಾರ್ಡ್ ಓಟವನ್ನು 4.53 ಸೆಕೆಂಡಿನಲ್ಲಿ ಮುಗಿಸಿದ್ದ ಹುಡುಗ. ಆ ಮೈಕಟ್ಟಿಗೆ ಅದು ಬೆರಗಿನ ವೇಗ. ಮರುವರ್ಷ, ಅಂದರೆ 2016ರಲ್ಲಿ, 15.5 ಸ್ಯಾಕ್ ಹೊಡೆದು ಇಡೀ ಲೀಗಿಗೆ ಮೊದಲಿಗರಾದರು. ಫಾಲ್ಕನ್ಸ್ ಸೂಪರ್ ಬೌಲ್ ತನಕ, ಅಂದರೆ ಲೀಗಿನ ಫೈನಲ್ ತನಕ, ಹೋಯಿತು. ಅಲ್ಲಿ 28-3 ಮುಂದಿದ್ದು ಸೋತ ಕಥೆ ನಿಮ್ಮ ಆಫೀಸಿನವರು ಈಗಾಗಲೇ ಹೇಳಿರುತ್ತಾರೆ. ಆಮೇಲೆ ಬೀಸ್ಲಿಯವರ ಲೆಕ್ಕ ನೋಡಿ: 2017ರಲ್ಲಿ 5, 2018ರಲ್ಲಿ 5, 2019ರಲ್ಲಿ 8.

ಹಾಗಾದರೆ 15.5 ಎಲ್ಲಿಂದ ಬಂತು? ಆ ವರ್ಷ ಅಟ್ಲಾಂಟಾ 540 ಪಾಯಿಂಟ್ ಗಳಿಸಿತ್ತು, ಲೀಗಿನಲ್ಲೇ ಅತಿ ಹೆಚ್ಚು. ಅವರ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯನ್ ವರ್ಷದ ಶ್ರೇಷ್ಠ ಆಟಗಾರ ಆಗಿದ್ದೂ ಆಗಲೇ. ಎದುರಾಳಿಗಳು ಬಹಳ ಸಲ ಹಿಂದೆ ಬಿದ್ದಿರುತ್ತಿದ್ದರು. ಹಿಂದೆ ಬಿದ್ದವರು ಚೆಂಡು ಹಿಡಿದು ಓಡಿ ಸಮಯ ಕಳೆಯುವ ಹಾಗಿಲ್ಲ, ಎಸೆಯಲೇಬೇಕು. ಎಸೆಯುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ವೇಗದ ಹುಡುಗನಿಗೆ ಹಬ್ಬ ಅಲ್ವಾ? ಜೊತೆಗೆ ಆ ಸ್ಯಾಕ್‌ಗಳಲ್ಲಿ 3.5 ಬಂದಿದ್ದು ಡೆನ್ವರ್ ವಿರುದ್ಧದ ಒಂದೇ ಪಂದ್ಯದಲ್ಲಿ. ಅದೇ ವರ್ಷ ಡ್ವೈಟ್ ಫ್ರೀನಿ ಥರದ ಅನುಭವಿ ಪಕ್ಕದಲ್ಲಿದ್ದರು. ಬುಗುರಿಯ ಹಾಗೆ ತಿರುಗಿ ಒಳಗೆ ನುಗ್ಗುವುದಕ್ಕೆ ಹೆಸರಾದವರು ಅವರು. ಮರುವರ್ಷ ಅವರು ಅಲ್ಲಿರಲಿಲ್ಲ.

ಇದರಲ್ಲಿ ಯಾವುದೂ ಬೀಸ್ಲಿಯವರ ಶ್ರಮವನ್ನು ಅಳಿಸುವುದಿಲ್ಲ. 15.5 ಅವರೇ ಹೊಡೆದದ್ದು. ಆದರೆ ಅವರ ಹತ್ತಿರ ನಿಜವಾಗಿ ಇದ್ದದ್ದು ಒಂದೇ ಅಸ್ತ್ರ: ಹೊರಗಿನಿಂದ ಸುತ್ತು ಹಾಕಿ ಬರುವ ವೇಗ. ಎದುರಿನ ಟ್ಯಾಕಲ್‌ಗಳು, ಅಂದರೆ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ದಡೂತಿ ಆಟಗಾರರು, ಒಂದು ವರ್ಷದ ವಿಡಿಯೊ ನೋಡಿ ಪಾಠ ಕಲಿತರು. ಬೇಗ ಹಿಂದೆ ಸರಿದು ನಿಂತು, ಅವರನ್ನು ಇನ್ನೂ ಹೊರಕ್ಕೇ ದಬ್ಬಿಬಿಟ್ಟರು. ಆಗ ಒಳಕ್ಕೆ ತಿರುಗುವ ಎರಡನೇ ಪಟ್ಟು ಬೇಕಿತ್ತು. ನಾನು ಆ ವರ್ಷಗಳ ಪಂದ್ಯಗಳನ್ನು ನೋಡಿದ ಮಟ್ಟಿಗೆ ಆ ಪಟ್ಟು ಅವರಿಗೆ ಒಲಿಯಲೇ ಇಲ್ಲ.

ಕ್ಲೌನಿಯವರ ಕಥೆ ಇನ್ನೊಂದು ಥರ. ಕಾಲೇಜಿನಲ್ಲಿದ್ದಾಗ, 2013ರ ಜನವರಿ 1ರಂದು, ಮಿಶಿಗನ್ ವಿರುದ್ಧ ಒಂದು ಡಿಕ್ಕಿ ಹೊಡೆದರು. ಚೆಂಡು ಹಿಡಿದವನ ಹೆಲ್ಮೆಟ್ ಹಾರಿಹೋಯಿತು. ಆ ಒಂದು ದೃಶ್ಯ ಟಿವಿಯಲ್ಲಿ ಎಷ್ಟು ಸಲ ಬಂತೋ ಲೆಕ್ಕವಿಲ್ಲ. 2014ರ ಡ್ರಾಫ್ಟ್‌ನಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಅವರನ್ನು ಎಲ್ಲರಿಗಿಂತ ಮೊದಲು ಆರಿಸಿತು. ಮೊದಲ ಪಂದ್ಯದಲ್ಲೇ ಮೊಣಕಾಲು ಪೆಟ್ಟಾಯಿತು. ಆ ವರ್ಷ ಆಡಿದ್ದು 4 ಪಂದ್ಯ. ವರ್ಷದ ಕೊನೆಗೆ ಅದೇ ಮೊಣಕಾಲಿಗೆ ದೊಡ್ಡ ಶಸ್ತ್ರಚಿಕಿತ್ಸೆ. ಅಲ್ಲಿಂದ ಎದ್ದು ಬಂದು 4.5, 6, 9.5, 9 ಅಂತ ಸ್ಯಾಕ್ ಗಳಿಸಿದರು. 2016, 2017, 2018, ಮೂರೂ ವರ್ಷ ಪ್ರೊ ಬೌಲ್‌ಗೆ, ಅಂದರೆ ಆ ವರ್ಷದ ಶ್ರೇಷ್ಠ ಆಟಗಾರರ ಪಟ್ಟಿಗೆ, ಆಯ್ಕೆಯಾದರು. 2019ರಲ್ಲಿ ಸಿಯಾಟಲ್‌ನಲ್ಲಿ 13 ಪಂದ್ಯದಲ್ಲಿ ಬರೀ 3.

ಗಮನಿಸಿದಿರಾ? ಎರಡಂಕಿ ಎಲ್ಲೂ ಇಲ್ಲ. ಮೊದಲ ಆಯ್ಕೆ ಅಂದ ಮೇಲೆ ವರ್ಷಕ್ಕೆ 12, 15 ಬರಬೇಕು ಅಂತ ಜನ ಕಾದರು. ಅವರ ಆಟವೇ ಬೇರೆ ಇತ್ತು. ಓಡಿ ಬರುವವರನ್ನು ತಡೆಯುವುದರಲ್ಲಿ ಅವರು ಲೀಗಿನ ಮುಂದಿನ ಸಾಲಿನವರು. ಎದುರಾಳಿ ಇಬ್ಬರನ್ನು ಅವರೊಬ್ಬರಿಗೆ ಮೀಸಲಿಡಬೇಕಾಗುತ್ತಿತ್ತು. ಗೆರೆಯ ಮಧ್ಯಕ್ಕೆ ನಿಲ್ಲಿಸಿದರೆ ಅಲ್ಲಿಂದಲೂ ನುಗ್ಗುವ ತಾಕತ್ತು. ಆದರೆ ಮೂಲೆಯಲ್ಲಿ ಮೈ ಬಗ್ಗಿಸಿ ತಿರುಗಿ ಮುಗಿಸುವ ಕೌಶಲ ಅವರದಲ್ಲ. ಕ್ವಾರ್ಟರ್‌ಬ್ಯಾಕ್ ಪಕ್ಕದವರೆಗೆ ಬರುತ್ತಾರೆ, ಅವನು ಓಡುವ ಹಾಗೆ ಮಾಡುತ್ತಾರೆ, ಇನ್ನೊಬ್ಬ ಹಿಡಿಯುತ್ತಾನೆ. ನನ್ನ ಮಟ್ಟಿಗೆ ಅವರು ಒಳ್ಳೆಯ ಆಟಗಾರರು, ಅವರ ಮೇಲೆ ಇಟ್ಟ ನಿರೀಕ್ಷೆ ಮಾತ್ರ ತಪ್ಪು.

ಹಾಗಾದರೆ ಟೈಟನ್ಸ್ ಯಾಕೆ ಇಬ್ಬರನ್ನೂ ತಂದಿತು? ಆ ತಂಡದವರು ದಡ್ಡರೇನೂ ಅಲ್ಲ. 2020ರ ಜನವರಿಯಲ್ಲಿ ಟೈಟನ್ಸ್ ತಂಡ ಸೂಪರ್ ಬೌಲ್‌ಗೆ ಒಂದು ಹೆಜ್ಜೆ ದೂರದಲ್ಲಿತ್ತು. ಕಾನ್ಸಸ್ ಸಿಟಿಯಲ್ಲಿ 10-0 ಮುಂದಿತ್ತು, ಆಮೇಲೆ 17-7. ಕೊನೆಗೆ 35-24ರಿಂದ ಸೋತಿತು. ಮೊದಲ ಅರ್ಧ ಮುಗಿಯುವ ಮುಂಚೆ ಎದುರಾಳಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಚೆಂಡು ಹಿಡಿದು 27 ಯಾರ್ಡ್ ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಹೊಡೆದರು. ಯಾರೂ ಕೆಡವಲಿಲ್ಲ. ಆ ಪಂದ್ಯ ನೋಡಿದ ಯಾವ ಮ್ಯಾನೇಜರ್‌ಗಾದರೂ ಬರುವ ಯೋಚನೆ ಒಂದೇ: ನಮಗೆ ಪಾಸ್ ರಷರ್ ಬೇಕು.

ಬೇಕು ಅಂದರೆ ಸಿಗಬೇಕಲ್ಲ. ಒಳ್ಳೆಯ ಪಾಸ್ ರಷರ್ ಸಂತೆಗೆ ಬರುವುದೇ ಅಪರೂಪ. ಒಪ್ಪಂದ ಮುಗಿದ ಆಟಗಾರನನ್ನು ಅವನ ತಂಡವೇ 'ಫ್ರಾಂಚೈಸ್ ಟ್ಯಾಗ್' ಅನ್ನುವ ನಿಯಮದಡಿ ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳಬಹುದು. ಆ ಮಾರ್ಚ್‌ನಲ್ಲಿ ಟ್ಯಾಂಪಾ ತಂಡ ಶಕೀಲ್ ಬ್ಯಾರೆಟ್ ಅವರನ್ನು, ಜಾಕ್ಸನ್‌ವಿಲ್ ಯಾನಿಕ್ ಎಂಗಾಕ್ವೆ ಅವರನ್ನು, ಬಾಲ್ಟಿಮೋರ್ ಮ್ಯಾಥ್ಯೂ ಜೂಡನ್ ಅವರನ್ನು, ಪಿಟ್ಸ್‌ಬರ್ಗ್ ಬಡ್ ಡುಪ್ರೀ ಅವರನ್ನು ಹೀಗೇ ಕಟ್ಟಿಹಾಕಿದವು. ಅಂದರೆ ಮಾವಿನ ಬುಟ್ಟಿಯ ಒಳ್ಳೆ ಹಣ್ಣೆಲ್ಲ ಮನೆಯೊಳಗೇ ಉಳಿಯಿತು. ಮಾರಾಟಕ್ಕೆ ಬಂದವರಲ್ಲಿ ಹೆಸರಿದ್ದವರು ಐವರು. ರಾಬರ್ಟ್ ಕ್ವಿನ್, ಡಾಂಟೆ ಫೌಲರ್, ಲೆನರ್ಡ್ ಫ್ಲಾಯ್ಡ್, ಬೀಸ್ಲಿ, ಕ್ಲೌನಿ. ಪ್ರತಿಯೊಬ್ಬರ ಬೆನ್ನಿಗೂ ಒಂದೊಂದು ಪ್ರಶ್ನೆ ಅಂಟಿಕೊಂಡಿತ್ತು.

ಈ ಐವರ ಕಥೆ ಒಟ್ಟಿಗೆ ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಡಲ್ಲಾಸ್‌ನಲ್ಲಿ 11.5 ಸ್ಯಾಕ್ ಹೊಡೆದಿದ್ದ ಕ್ವಿನ್‌ಗೆ ಶಿಕಾಗೊ ಬೇರ್ಸ್ 5 ವರ್ಷಕ್ಕೆ 7 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ಲಾಸ್ ಏಂಜಲಿಸ್‌ನ ರಾಮ್ಸ್ ತಂಡದಲ್ಲಿ 11.5 ಹೊಡೆದಿದ್ದ ಫೌಲರ್‌ಗೆ ಅಟ್ಲಾಂಟಾ 3 ವರ್ಷಕ್ಕೆ 4.5 ಕೋಟಿ ಕೊಟ್ಟಿತು. ಹೌದು, ಬೀಸ್ಲಿಯವರನ್ನು ಬಿಟ್ಟುಕೊಟ್ಟ ಅದೇ ಅಟ್ಲಾಂಟಾ. ಶಿಕಾಗೊ ಕೈಬಿಟ್ಟ ಫ್ಲಾಯ್ಡ್ ಅವರನ್ನು ರಾಮ್ಸ್ 1 ವರ್ಷಕ್ಕೆ, 1 ಕೋಟಿಗೆ ತಂದಿತು. ಬೀಸ್ಲಿಗೆ ಟೈಟನ್ಸ್ ಕೊಟ್ಟಿದ್ದು 1 ವರ್ಷಕ್ಕೆ 95 ಲಕ್ಷ ಡಾಲರ್. ಕ್ಲೌನಿ ಬೇಸಿಗೆಯೆಲ್ಲ ಕಾದು, ಋತು ಶುರುವಾಗಲು ವಾರ ಇದ್ದಾಗ, ಗರಿಷ್ಠ 1.5 ಕೋಟಿ ಸಿಗಬಹುದಾದ 1 ವರ್ಷದ ಒಪ್ಪಂದಕ್ಕೆ ಟೈಟನ್ಸ್ ಸೇರಿದರು. ಆ ವರ್ಷ ಒಂದು ತಂಡ ತನ್ನ ಎಲ್ಲ ಆಟಗಾರರಿಗೂ ಸೇರಿ ಖರ್ಚು ಮಾಡಬಹುದಾಗಿದ್ದ ಮಿತಿ 19.82 ಕೋಟಿ ಡಾಲರ್.

ಫಲ? ಕ್ವಿನ್ 2. ಫೌಲರ್ 3. ಬೀಸ್ಲಿ 0. ಕ್ಲೌನಿ 0. ಶಿಕಾಗೊಗೆ ಬೇಡವಾಗಿದ್ದ ಫ್ಲಾಯ್ಡ್ 10.5.

ಫ್ಲಾಯ್ಡ್ ಅವರ ವಿಷಯ ಸ್ವಲ್ಪ ನಿಂತು ನೋಡಬೇಕಾದದ್ದು. ಅವರೂ 2016ರ 9ನೇ ಆಯ್ಕೆ. ಶಿಕಾಗೊದಲ್ಲಿ ಅವರ ಲೆಕ್ಕ 7, 4.5, 4, 3. ವರ್ಷ ವರ್ಷಕ್ಕೂ ಇಳಿಮುಖ. ಅಂಕಿ ಮಾತ್ರ ನೋಡಿದವರಿಗೆ ಬೀಸ್ಲಿಗಿಂತ ಕಡೆ. ಆದರೆ ರಾಮ್ಸ್ ತಂಡದ ಹೊಸ ಡಿಫೆನ್ಸ್ ಕೋಚ್ ಬ್ರ್ಯಾಂಡನ್ ಸ್ಟೇಲಿ ಹಿಂದೆ ಶಿಕಾಗೊದಲ್ಲಿ ಫ್ಲಾಯ್ಡ್ ಅವರಿಗೇ ಕಲಿಸಿದವರು. ಅಲ್ಲಿ ಅವರು ಪಾಸ್ ತಡೆಯಲು ಹಿಂದೆ ಓಡುವುದು, ಓಟ ತಡೆಯುವುದು ಎಲ್ಲ ಮಾಡುತ್ತಿದ್ದರು ಅಂತ ಸ್ಟೇಲಿಗೆ ಗೊತ್ತಿತ್ತು. ಲಾಸ್ ಏಂಜಲಿಸ್‌ನಲ್ಲಿ ಅವರ ಪಕ್ಕದಲ್ಲಿ ನಿಂತವರು ಆರನ್ ಡೊನಾಲ್ಡ್. ಡೊನಾಲ್ಡ್ ಒಳಗಿನಿಂದ ಇಬ್ಬರು ಮೂವರನ್ನು ಎಳೆದುಕೊಂಡರೆ ತುದಿಯಲ್ಲಿರುವವನಿಗೆ ಒಬ್ಬನೇ ಎದುರಾಳಿ. ಕ್ವಾರ್ಟರ್‌ಬ್ಯಾಕ್ ಮುಂದಕ್ಕೆ ಹೆಜ್ಜೆ ಇಟ್ಟು ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಫೌಲರ್ ಅವರ 11.5 ಕೂಡ ಬಂದಿದ್ದು ಇದೇ ಡೊನಾಲ್ಡ್ ಪಕ್ಕದಲ್ಲಿ. ಅಲ್ಲಿಂದ ಹೊರಟು ಅಟ್ಲಾಂಟಾಕ್ಕೆ ಹೋದ ಮೇಲೆ 3. ಒಂದೇ ಕುರ್ಚಿಯಿಂದ ಒಬ್ಬರು ಎದ್ದರು, ಇನ್ನೊಬ್ಬರು ಕೂತರು. ಕುರ್ಚಿಯ ಬೆಲೆ ಎಷ್ಟು ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಟೈಟನ್ಸ್ ಆ ಕುರ್ಚಿಗೆ ಏನು ಮಾಡಿತು ನೋಡಿ. ಬೀಸ್ಲಿಯವರನ್ನು ತಂದ ಅದೇ ಮಾರ್ಚ್‌ನಲ್ಲಿ ಜರೆಲ್ ಕೇಸಿ ಅವರನ್ನು ಡೆನ್ವರ್‌ಗೆ ಕೊಟ್ಟುಬಿಟ್ಟಿತು. ಬದಲಿಗೆ ಸಿಕ್ಕಿದ್ದು 7ನೇ ಸುತ್ತಿನ ಒಂದು ಡ್ರಾಫ್ಟ್ ಆಯ್ಕೆ, ಅಂದರೆ ಹೆಚ್ಚುಕಡಿಮೆ ಏನೂ ಇಲ್ಲ. ಕೇಸಿ ಗೆರೆಯ ಒಳಭಾಗದ ಆಟಗಾರ. ಸತತ ಐದು ವರ್ಷ ಪ್ರೊ ಬೌಲ್. ಅವರ ಸಂಬಳ ಉಳಿಸಿ ಬೇರೆ ಕಡೆ ಹಾಕುವ ಲೆಕ್ಕ ಅದು. ಕೇಸಿಗೂ ಡೆನ್ವರ್‌ನಲ್ಲಿ ಬೇಗ ಪೆಟ್ಟಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಾರ್ಚ್‌ನಲ್ಲಿ ಕೂತು ಯೋಚಿಸಿದವರಿಗೆ ಅದು ಗೊತ್ತಿರಲಿಲ್ಲ. ಒಳಗಿನಿಂದ ದಬ್ಬುವವರನ್ನು ಕಳಿಸಿ, ಹೊರಗಿನಿಂದ ಸುತ್ತು ಹಾಕುವವರನ್ನು ತಂದರು. ಒಳಗೆ ದಬ್ಬುವವರಿಲ್ಲದಿದ್ದರೆ ಕ್ವಾರ್ಟರ್‌ಬ್ಯಾಕ್ ಆರಾಮಾಗಿ ಎರಡು ಹೆಜ್ಜೆ ಮುಂದೆ ಬರುತ್ತಾನೆ. ಸುತ್ತು ಹಾಕಿದವನು ಅವನ ಬೆನ್ನ ಹಿಂದಿನಿಂದ ಸುಮ್ನೆ ಓಡಿ ಹೋಗುತ್ತಾನೆ. ಒಳಗೆ ಜೆಫರಿ ಸಿಮನ್ಸ್ ಇದ್ದರು ನಿಜ, ಆದರೆ ಅವರಿನ್ನೂ ಎರಡನೇ ವರ್ಷದ ಹುಡುಗ.

ಇನ್ನೊಂದು ವಿಷಯ. ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಹಿರಿಯ ಕೋಚ್ ಡೀನ್ ಪೀಸ್ ಆ ವರ್ಷ ನಿವೃತ್ತರಾದರು. ಅವರ ಜಾಗಕ್ಕೆ ಹೆಸರಿಟ್ಟು ಯಾರನ್ನೂ ತರಲಿಲ್ಲ. ಮುಖ್ಯ ಕೋಚ್ ಮೈಕ್ ವ್ರೇಬಲ್ ಆ ಹುದ್ದೆ ಖಾಲಿ ಬಿಟ್ಟರು. ಪ್ರತಿ ಸಲ ಯಾವ ಆಟ ಆಡಬೇಕು ಅಂತ ಹೇಳುವ ಕೆಲಸ ಶೇನ್ ಬೋವೆನ್ ಪಾಲಿಗೆ ಬಂತು. ಅವರಿಗೆ ಅದು ಮೊದಲ ವರ್ಷ. ಮೇಲೆ ಕೋವಿಡ್. ಮೇ, ಜೂನ್‌ನಲ್ಲಿ ಮೈದಾನದ ತರಬೇತಿ ಇಲ್ಲ, ಅಭ್ಯಾಸ ಪಂದ್ಯಗಳಿಲ್ಲ. ಹೊಸಬರನ್ನು ಕಲಿಸಿ ತಯಾರು ಮಾಡಲು ಇದಕ್ಕಿಂತ ಕೆಟ್ಟ ವರ್ಷ ಇರಲಿಲ್ಲ.

ಋತುವಿಗೆ ಸ್ವಲ್ಪ ಮುಂಚೆ ನಡೆದ ಒಂದೇ ಶಿಬಿರಕ್ಕೂ ಬೀಸ್ಲಿಯವರು ತಡವಾಗಿ ಬಂದರು, ಅದೂ ಅನುಮತಿ ಇಲ್ಲದೆ. ತಂಡ ಇದನ್ನು ಬಹಿರಂಗವಾಗಿಯೇ ಹೇಳಿತು. ನಿಮ್ಮ 'ಸೋಮಾರಿ' ಪ್ರಶ್ನೆ ಹುಟ್ಟುವುದು ಬಹುಶಃ ಇಲ್ಲಿಂದ. ತಡವಾಗಿ ಬಂದದ್ದು ತಪ್ಪೇ. ಆದರೆ ಆ ಸೊನ್ನೆಗೆ ಅದೇ ಕಾರಣ ಅಂತ ನಾನು ಒಪ್ಪುವುದಿಲ್ಲ. ಅವರ ಆಟ ಇಳಿಯಲು ಶುರುವಾಗಿದ್ದು 2017ರಲ್ಲೇ, ದೊಡ್ಡ ಒಪ್ಪಂದ ಇನ್ನೂ ಸಿಗದೇ ಇದ್ದಾಗ. ದುಡ್ಡಿನಿಂದ ಕೆಟ್ಟರು ಅನ್ನುವ ವಾದಕ್ಕೆ ಇಸವಿಗಳೇ ಹೊಂದುವುದಿಲ್ಲ.

ಕ್ಲೌನಿ ವಿಷಯದಲ್ಲಂತೂ ಆ ಮಾತು ಅನ್ಯಾಯ. ಸಿಯಾಟಲ್‌ನಲ್ಲಿ ಹೊಟ್ಟೆಯ ಸ್ನಾಯು ಹರಿದುಕೊಂಡೇ ಆಡಿ, ಋತು ಮುಗಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಕೋವಿಡ್‌ನಿಂದಾಗಿ ಮಾರ್ಚ್‌ನಲ್ಲಿ ತಂಡಗಳು ಆಟಗಾರರನ್ನು ಕರೆಸಿ ತಮ್ಮ ಡಾಕ್ಟರ್‌ಗಳಿಂದ ತಪಾಸಣೆ ಮಾಡಿಸುವ ಹಾಗಿರಲಿಲ್ಲ. ಹಳೆಯ ಮೊಣಕಾಲು, ಹೊಸ ಶಸ್ತ್ರಚಿಕಿತ್ಸೆ. ಕಣ್ಣಾರೆ ನೋಡದೆ ಯಾರು ಕೋಟಿ ಕೊಡುತ್ತಾರೆ? ಅದಕ್ಕೇ ಅವರು ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಕ್ಲೌನಿಯವರನ್ನು ನಂಬಲು ವ್ರೇಬಲ್‌ಗೆ ಕಾರಣ ಇತ್ತು. ಹ್ಯೂಸ್ಟನ್‌ನಲ್ಲಿ ಕ್ಲೌನಿಗೆ ಕಲಿಸಿದವರು ವ್ರೇಬಲ್. 2017ರಲ್ಲಿ ವ್ರೇಬಲ್ ಅಲ್ಲಿ ಡಿಫೆನ್ಸ್ ಮುಖ್ಯಸ್ಥರಾಗಿದ್ದಾಗಲೇ ಕ್ಲೌನಿ 9.5 ಹೊಡೆದದ್ದು. ಸ್ಟೇಲಿ ಮತ್ತು ಫ್ಲಾಯ್ಡ್ ಅವರ ಹಾಗೇ ಇದೂ ಗುರು ಶಿಷ್ಯರ ಜೋಡಿ. ಆದರೆ ಗುರುವಿಗೆ ಗೊತ್ತಿದ್ದದ್ದು 24 ವರ್ಷದ ಕ್ಲೌನಿ. ಬಂದವರು 27 ವರ್ಷದ, ತರಬೇತಿಯೇ ಇಲ್ಲದ ಕ್ಲೌನಿ. 8 ಪಂದ್ಯ ಆದ ಮೇಲೆ ಮೊಣಕಾಲು ಮತ್ತೆ ಕೈಕೊಟ್ಟಿತು. ಅಲ್ಲಿಗೆ ಅವರ ವರ್ಷ ಮುಗಿಯಿತು.

ತಂಡದ ಮೇಲೆ ಇದರ ಪರಿಣಾಮ? ಮೊದಲ 5 ಪಂದ್ಯವನ್ನೂ ಗೆದ್ದದ್ದರಿಂದ ಹುಣ್ಣು ಬೇಗ ಕಾಣಿಸಲಿಲ್ಲ. ಡೆರಿಕ್ ಹೆನ್ರಿ ಚೆಂಡು ಹಿಡಿದು ಓಡುತ್ತಿದ್ದರು, ಪಾಯಿಂಟ್ ಬರುತ್ತಿತ್ತು. ನವೆಂಬರ್ 1ರಂದು ಸಿನ್ಸಿನಾಟಿಯಲ್ಲಿ ಬಯಲಾಯಿತು. ಎದುರಾಳಿಯ ಮುಂದಿನ ಸಾಲಿನ ಐವರು ಕಾವಲುಗಾರರಲ್ಲಿ ನಾಲ್ವರು ಬದಲಿ ಆಟಗಾರರು. ಕ್ವಾರ್ಟರ್‌ಬ್ಯಾಕ್ ಜೋ ಬರೋ, ಮೊದಲ ವರ್ಷದ ಹುಡುಗ. ಟೈಟನ್ಸ್ ಅವರನ್ನು ಒಂದು ಸಲವೂ ಕೆಡವಲಿಲ್ಲ. 31-20 ಸೋಲು. ಆ ವಾರವೇ ಬೀಸ್ಲಿಯವರನ್ನು ಕೈಬಿಟ್ಟರು.

ಇಡೀ ಋತುವಿನಲ್ಲಿ ತಂಡಕ್ಕೆ ಸಿಕ್ಕಿದ್ದು 19 ಸ್ಯಾಕ್. 16 ಪಂದ್ಯಕ್ಕೆ 19! 10 ಯಾರ್ಡ್ ಮುಂದೆ ಸಾಗಲು ನಾಲ್ಕು ಪ್ರಯತ್ನ ಸಿಗುತ್ತವೆ, ಸಾಮಾನ್ಯವಾಗಿ ಮೂರನೆಯದೇ ನಿರ್ಣಾಯಕ. ಆ ಮೂರನೇ ಪ್ರಯತ್ನದಲ್ಲಿ ಎದುರಾಳಿಯನ್ನು ನಿಲ್ಲಿಸುವುದರಲ್ಲಿ ಲೀಗಿಗೇ ಕೊನೆ. ಹೆರಾಲ್ಡ್ ಲ್ಯಾಂಡ್ರಿ 2019ರಲ್ಲಿ 9 ಹೊಡೆದಿದ್ದವರು 5.5ಕ್ಕೆ ಇಳಿದರು. ಹೊಸಬರು ಬಂದು ಹಳಬರ ಕೆಲಸ ಹಗುರ ಮಾಡಬೇಕಿತ್ತು, ಆಗಿದ್ದು ಉಲ್ಟಾ. ಆದರೂ 11-5 ಅಂತ ಮುಗಿಸಿ ಪ್ಲೇಆಫ್‌ಗೆ ಹೋದರು ಅನ್ನುವುದು ಹೆನ್ರಿಯವರ ದೊಡ್ಡತನ. ಅಲ್ಲಿ ಬಾಲ್ಟಿಮೋರ್ ವಿರುದ್ಧ 20-13ರಿಂದ ಸೋತರು. ಆ ಪಂದ್ಯದಲ್ಲಿ ಮೂರನೇ ಪ್ರಯತ್ನ, 9 ಯಾರ್ಡ್ ಬೇಕು. ಬಾಲ್ಟಿಮೋರ್ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಎಸೆಯಲು ಹಿಂದೆ ಸರಿದರು, ಸಂದು ಕಂಡಿತು, 48 ಯಾರ್ಡ್ ಓಡಿ ಟಚ್‌ಡೌನ್. ಒಂದು ವರ್ಷದ ಹಿಂದೆ ಮಹೋಮ್ಸ್ ಓಡಿದ ಹಾಗೇ.

ಹಾಗಂತ ಇಂಥವರನ್ನು ತರಲೇಬಾರದಾ? ಖಂಡಿತ ತರಬಹುದು. ಕಡಿಮೆ ಸ್ಯಾಕ್ ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಕೈಯಲ್ಲಿಟ್ಟುಕೊಂಡು ತರಬೇಕು, ಅಷ್ಟೇ. ಶಕೀಲ್ ಬ್ಯಾರೆಟ್ ಅವರನ್ನು ಡ್ರಾಫ್ಟ್‌ನಲ್ಲಿ ಯಾರೂ ಕರೆಯಲಿಲ್ಲ. ಡೆನ್ವರ್‌ನಲ್ಲಿ ಐದು ಋತುವಿಗೆ ಒಟ್ಟು 14 ಸ್ಯಾಕ್. ಕಾರಣ ಸರಳ: ಅವರ ಮುಂದೆ ಸರದಿಯಲ್ಲಿ ವಾನ್ ಮಿಲ್ಲರ್, ಡೆಮಾರ್ಕಸ್ ವೇರ್, ಆಮೇಲೆ ಬ್ರ್ಯಾಡ್ಲಿ ಚಬ್. ಮೈದಾನಕ್ಕೆ ಇಳಿಯಲು ಅವಕಾಶವೇ ಕಡಿಮೆ. 2019ರಲ್ಲಿ ಟ್ಯಾಂಪಾ 40 ಲಕ್ಷ ಡಾಲರ್‌ಗೆ, 1 ವರ್ಷಕ್ಕೆ ತಂದಿತು. ಒಳಗೆ ವೀಟಾ ವೇಯ, ಎನ್‌ಡಾಮಕಾಂಗ್ ಸೂ ಅವರಂಥ ಬಂಡೆಗಳು. ಬ್ಯಾರೆಟ್ 19.5 ಹೊಡೆದು ಲೀಗಿಗೆ ಮೊದಲಿಗರಾದರು.

ಹಸಾನ್ ರೆಡಿಕ್ ಇನ್ನೊಂದು ಥರ. 2017ರ 13ನೇ ಆಯ್ಕೆ. ಅರಿಜೋನಾ ಅವರನ್ನು ಒಳಗಿನ ಲೈನ್‌ಬ್ಯಾಕರ್ ಜಾಗದಲ್ಲಿ, ಅಂದರೆ ಮುಂದಿನ ಸಾಲಿನ ಹಿಂದೆ ಮಧ್ಯದಲ್ಲಿ, ನಿಲ್ಲಿಸಿತು. ಅದು ಅವರ ಜಾಗವೇ ಅಲ್ಲ. 2020ರಲ್ಲಿ ತುದಿಗೆ ಕಳಿಸಿದರು, 12.5 ಬಂತು, ಒಂದೇ ಪಂದ್ಯದಲ್ಲಿ 5. ಅದನ್ನೂ ನಂಬದೆ ಜನ ಹಿಂದೇಟು ಹಾಕಿದರು. 1 ವರ್ಷಕ್ಕೆ ಕ್ಯಾರೊಲೈನಾಕ್ಕೆ ಹೋಗಿ 11 ಹೊಡೆದರು, ಮರುವರ್ಷ ಫಿಲಡೆಲ್ಫಿಯಾದಲ್ಲಿ 16. ಬ್ಯಾರೆಟ್‌ಗೆ ಅವಕಾಶ ಸಿಕ್ಕಿರಲಿಲ್ಲ, ರೆಡಿಕ್‌ಗೆ ಜಾಗ ಸರಿ ಇರಲಿಲ್ಲ. ಎರಡೂ ಹೊಸ ತಂಡ ಸರಿ ಮಾಡಬಹುದಾದ ಕಾಯಿಲೆಗಳು. ಬೀಸ್ಲಿಗೆ ಅವಕಾಶವೂ ಸಿಕ್ಕಿತ್ತು, ಜಾಗವೂ ಬಹುಪಾಲು ಸರಿ ಇತ್ತು, ಐದು ವರ್ಷ ಕಳೆದಿತ್ತು. ಅಲ್ಲಿ ಬದಲಾಯಿಸಲು ಏನು ಉಳಿದಿತ್ತು? ಟೈಟನ್ಸ್ ಕೇಳಬೇಕಿದ್ದ ಪ್ರಶ್ನೆ ಅದು.

ಕ್ವಿನ್ ಅವರನ್ನು ಮರೆಯಬೇಡಿ. 2020ರಲ್ಲಿ 2 ಸ್ಯಾಕ್ ಹೊಡೆದಾಗ ಶಿಕಾಗೊದವರು ಬೈದ ಬೈಗುಳ ಅಷ್ಟಿಷ್ಟಲ್ಲ. ಮರುವರ್ಷ ಅದೇ ಮನುಷ್ಯ 18.5 ಹೊಡೆದು, ಆ ತಂಡದ ಮಟ್ಟಿಗೆ ರಿಚರ್ಡ್ ಡೆಂಟ್ ಅವರ ಹೆಸರಲ್ಲಿದ್ದ ಹಳೆಯ ದಾಖಲೆಯನ್ನೇ ಮುರಿದರು. ಒಂದು ವರ್ಷ ನೋಡಿ ತೀರ್ಪು ಕೊಡುವವರಿಗೆ ನಾನು ಯಾವಾಗಲೂ ಈ ಹೆಸರು ನೆನಪಿಸುತ್ತೇನೆ.

ಕ್ಲೌನಿ ಕೂಡ ಹಾಗೇ. ಟೆನೆಸಿಯಿಂದ ಹೊರಟು 2021ರಲ್ಲಿ ಕ್ಲೀವ್‌ಲ್ಯಾಂಡ್ ಸೇರಿದರು. ಆಚೆ ತುದಿಯಲ್ಲಿ ಮೈಲ್ಸ್ ಗ್ಯಾರೆಟ್ 16 ಹೊಡೆದ ವರ್ಷ ಅದು, ಕ್ಲೌನಿಗೆ 9 ಬಂತು. ಮರುವರ್ಷ 2. ಆಮೇಲೆ 2023ರಲ್ಲಿ ಬಾಲ್ಟಿಮೋರ್‌ಗೆ ತೀರಾ ಕಡಿಮೆ ಬೆಲೆಗೆ ಹೋಗಿ 9.5. ಆ ವರ್ಷ ಬಾಲ್ಟಿಮೋರ್ ಒಟ್ಟು 60 ಸ್ಯಾಕ್ ಹೊಡೆದು ಲೀಗಿಗೆ ಮೊದಲು. ಒಳಗಿನಿಂದ ಜಸ್ಟಿನ್ ಮಡುಬಿಕೆ ಒಬ್ಬರೇ 13. ಮತ್ತೆ ಅದೇ ಕುರ್ಚಿಯ ಮಾತು ಬಂತು ನೋಡಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ನಿಮ್ಮ ತಂಡ ಮತ್ತೆ ಇಂಥವರನ್ನು ತಂದ ದಿನ ಸುದ್ದಿಯಲ್ಲಿ ದೊಡ್ಡ ಅಂಕಿ ಕಾಣಿಸುತ್ತದೆ. ಅದನ್ನು ಬಿಡಿ. ಎಷ್ಟು ವರ್ಷ, ಅದರಲ್ಲಿ ಖಾತ್ರಿ ದುಡ್ಡು ಎಷ್ಟು ಅಂತ ನೋಡಿ. 1 ವರ್ಷ ಅಂದರೆ ತಂಡಕ್ಕೇ ಪೂರ್ತಿ ನಂಬಿಕೆ ಇಲ್ಲ ಅಂತ ಅರ್ಥ, ಅದರಲ್ಲಿ ತಪ್ಪೂ ಇಲ್ಲ. ನಿಜ ಹೇಳಬೇಕೆಂದರೆ 2020ರಲ್ಲಿ ಟೈಟನ್ಸ್ ಮಾಡಿದ ಎರಡೂ ಒಪ್ಪಂದ 1 ವರ್ಷದವೇ ಆಗಿದ್ದರಿಂದ ಗಾಯ ಬೇಗ ಮಾಯಿತು. ಆಮೇಲೆ ಅವರು ಮಾಡಿದ ಇನ್ನೂ ದುಬಾರಿ ತಪ್ಪು ಬೇರೆ ಇದೆ. 2021ರ ಮಾರ್ಚ್‌ನಲ್ಲಿ, ಮೊಣಕಾಲು ಪೆಟ್ಟಾಗಿ ಕೆಲವೇ ತಿಂಗಳಾಗಿದ್ದ ಬಡ್ ಡುಪ್ರೀ ಅವರಿಗೆ 5 ವರ್ಷಕ್ಕೆ 8.25 ಕೋಟಿ ಡಾಲರ್ ಒಪ್ಪಂದ ಕೊಟ್ಟರು. ಮೊದಲ ವರ್ಷ 3, ಎರಡನೇ ವರ್ಷ 4, ಆಮೇಲೆ ಬಿಡುಗಡೆ. ನಿಮ್ಮ ಆಫೀಸಿನ ಹಳಬರು ಬೀಸ್ಲಿ, ಕ್ಲೌನಿ ಅಂತ ಬೈಯುವಾಗ ಇದನ್ನು ಯಾಕೆ ಬಿಡುತ್ತಾರೋ.

ಆಮೇಲೆ ಒಳಗಿನ ಆಟಗಾರರು ಯಾರು ಅಂತ ನೋಡಿ. ಅದೇ 2021ರಲ್ಲಿ ಟೈಟನ್ಸ್ ಸದ್ದಿಲ್ಲದೆ ಡೆನಿಕೋ ಆಟ್ರಿ ಅನ್ನುವವರನ್ನೂ ತಂದಿತ್ತು. 3 ವರ್ಷಕ್ಕೆ 2.15 ಕೋಟಿ. ಒಳಗೂ ಹೊರಗೂ ನಿಲ್ಲಬಲ್ಲ ಆಟಗಾರ. ಅವರು 9 ಹೊಡೆದರು, ಅಷ್ಟರಲ್ಲಿ ಬಲಿತಿದ್ದ ಸಿಮನ್ಸ್ 8.5, ಒಳಗೆ ಜನ ಬಂದ ಮೇಲೆ ಲ್ಯಾಂಡ್ರಿ 12. ತಂಡದ ಮೊತ್ತ 19ರಿಂದ 43ಕ್ಕೆ ಹಾರಿತು.

ಪಂದ್ಯ ನೋಡುವಾಗ ಮೂರನೇ ಪ್ರಯತ್ನ ಬಂದರೆ ಚೆಂಡನ್ನು ಬಿಟ್ಟು ಹೊಸ ಆಟಗಾರನ ಕಾಲು ನೋಡಿ. ಚೆಂಡು ಅಲುಗಿದ ಕ್ಷಣಕ್ಕೇ ಮೊದಲ ಹೆಜ್ಜೆ ಹೊರಡುತ್ತದಾ? ಹೊರಗೆ ದಾರಿ ಮುಚ್ಚಿದರೆ ಒಳಕ್ಕೆ ತಿರುಗುತ್ತಾನಾ, ಇಲ್ಲ ಅದೇ ದಾರಿಯಲ್ಲಿ ಇನ್ನೂ ದೂರ ಓಡುತ್ತಾನಾ? ಎದುರಿನ ಟ್ಯಾಕಲ್ ಹಿಮ್ಮಡಿಯ ಮೇಲೆ ಬೀಳುತ್ತಿದ್ದಾನಾ? ಸ್ಯಾಕ್ ಬರದಿದ್ದರೂ ಕ್ವಾರ್ಟರ್‌ಬ್ಯಾಕ್ ಅವಸರದಲ್ಲಿ ಎಸೆದನಾ? ನಾಲ್ಕು ಪಂದ್ಯ ಹೀಗೆ ನೋಡಿದರೆ ಸಾಕು, ಸೊನ್ನೆ ಯಾವ ಥರದ್ದು ಅಂತ ನಿಮಗೇ ಗೊತ್ತಾಗುತ್ತದೆ. ಅಭ್ಯಾಸಕ್ಕೆ 2019ರ ನವೆಂಬರ್ 11ರ ಸಿಯಾಟಲ್, ಸ್ಯಾನ್ ಫ್ರಾನ್ಸಿಸ್ಕೊ ಪಂದ್ಯ ಹುಡುಕಿ, 90ನೇ ನಂಬರಿನ ಕ್ಲೌನಿಯವರನ್ನೇ ನೋಡಿ. ಆ ವರ್ಷ ಅವರಿಗೆ ಒಟ್ಟು 3 ಸ್ಯಾಕ್ ಅಂತ ಆಮೇಲೆ ನೆನಪಿಸಿಕೊಳ್ಳಿ.

ಅದಾದ ಮೇಲೆ 2022ರ ಜನವರಿ 22ರ ಪಂದ್ಯ ನೋಡಿ. ನ್ಯಾಶ್‌ವಿಲ್‌ನಲ್ಲೇ ನಡೆದದ್ದು. ಎದುರಿಗೆ ಅದೇ ಜೋ ಬರೋ. ಹದಿನೈದು ತಿಂಗಳ ಹಿಂದೆ ಒಂದು ಸಲವೂ ಮುಟ್ಟಲಾಗದ ಅವರನ್ನು ಟೈಟನ್ಸ್ ಆವತ್ತು 9 ಸಲ ಕೆಡವಿತು, ಅದರಲ್ಲಿ ಸಿಮನ್ಸ್ ಒಬ್ಬರದೇ 3. ಆದರೂ ಟೈಟನ್ಸ್ 19-16ರಿಂದ ಸೋತಿತು. ಟೈಟನ್ಸ್ ಕ್ವಾರ್ಟರ್‌ಬ್ಯಾಕ್ ರಯನ್ ಟ್ಯಾನಹಿಲ್ ಮೂರು ಸಲ ಚೆಂಡನ್ನು ಎದುರಾಳಿಯ ಕೈಗೆ ಎಸೆದಿದ್ದರು. ಆ ಸೋಲಿನ ಬಗ್ಗೆ ಆಫೀಸಿನಲ್ಲಿ ಕೇಳುವ ಮುಂಚೆ ಸ್ವಲ್ಪ ಯೋಚಿಸಿ. ಕೆಲವರಿಗೆ ಅದು 2020ಕ್ಕಿಂತ ಜಾಸ್ತಿ ನೋಯುತ್ತದೆ.